ಮಾಲನ್ನು ಹೊರಗಿನಿಂದ ನೋಡುವುದು

ವಾಸ್ತುಶಿಲ್ಪ ಕಲಿಯುವ ಕನ್ನಡದ ಹುಡುಗರು ಮುಂಬಯಿಗೆ ಬಂದಾಗ ಫೋರ್ಟ್ ಪ್ರದೇಶದ ಹಳೆಯ ಕಟ್ಟಡಗಳ ಜೊತೆಗೆ ಲೋವರ್ ಪರೇಲಿನ ಫೀನಿಕ್ಸ್ ಮಾಲನ್ನೂ ನೋಡಿ ಎಂದು ನಾನು ಹೇಳುವುದುಂಟು. ಅಂಗಡಿಗಳನ್ನು ನೋಡುವುದರಲ್ಲೇನಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನೋಡಬೇಕಾದದ್ದು ಅಂಗಡಿಗಳನ್ನಲ್ಲ, ಆ ಕಟ್ಟಡವು ಬೀದಿಯನ್ನು ಸೇರುವ ಅಂಚನ್ನು.

ಒಳಗಿನ ಜಾಣತನ ಬೇಗ ಅರ್ಥವಾಗುತ್ತದೆ. ಊಟದ ಮಳಿಗೆಗಳನ್ನೂ ಸಿನಿಮಾವನ್ನೂ ಮೇಲಿನ ಮಹಡಿಗಳಲ್ಲಿಟ್ಟರೆ ಜನ ಕೆಳಗಿನ ಅಂಗಡಿಗಳನ್ನು ದಾಟಿಯೇ ಹತ್ತಬೇಕು. ಎಸ್ಕಲೇಟರುಗಳನ್ನು ಒಂದರ ಮೇಲೊಂದು ನೇರವಾಗಿ ಜೋಡಿಸದೆ ದೂರ ದೂರ ಇಟ್ಟರೆ ಪ್ರತಿ ಮಹಡಿಯಲ್ಲೂ ಸುತ್ತು ಹಾಕಬೇಕು. ಕಂಬಗಳ ನಡುವಿನ ಅಂತರವನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಅದು ಸಾಮಾನ್ಯವಾಗಿ ಎಂಟು ಮೀಟರಿನ ಆಸುಪಾಸಿನಲ್ಲಿರುವುದಕ್ಕೆ ಕಾರಣ ಅಂಗಡಿಯ ಅಳತೆಗಿಂತ ಹೆಚ್ಚಾಗಿ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಮೂರು ಕಾರುಗಳು ನಿಲ್ಲಬೇಕೆಂಬ ಲೆಕ್ಕಾಚಾರ. ಹೀಗೆ ಮೇಲಿನ ಕಟ್ಟಡದ ಮೈಕಟ್ಟನ್ನು ಕೆಳಗಿನ ಪಾರ್ಕಿಂಗ್ ತೀರ್ಮಾನಿಸುತ್ತದೆ.

ಫೀನಿಕ್ಸ್ ಮೊದಲು ಬಟ್ಟೆ ಗಿರಣಿಯಾಗಿತ್ತು, 1905ರಲ್ಲಿ ಶುರುವಾದದ್ದು. ಅದರ ಚಿಮಣಿ ಈಗಲೂ ನಿಂತಿದೆ. ಗಿರಣಿಯ ಆವರಣವೇ ಮೊದಲ ವಿನ್ಯಾಸಕ್ಕೆ ಆಧಾರವಾದ್ದರಿಂದ ತೆರೆದ ಅಂಗಳಗಳು ಉಳಿದವು, ಎಲ್ಲವನ್ನೂ ಒಂದೇ ಡಬ್ಬಿಯೊಳಗೆ ತುಂಬಿದ ಮಾಲುಗಳಿಗಿಂತ ಇಲ್ಲಿ ಓಡಾಟ ಹಿತವೆನಿಸುವುದು ಅದಕ್ಕೇ. ಆದರೆ ಅಂಗಳ ಚೆನ್ನಾಗಿದೆ ಎಂದಷ್ಟಕ್ಕೆ ತೃಪ್ತರಾಗದೆ ಮಾಲಿನ ಮುಂದಿನ ರಸ್ತೆಯಾದ ಸೇನಾಪತಿ ಬಾಪಟ್ ಮಾರ್ಗಕ್ಕೆ ಬಂದು ನಿಲ್ಲಬೇಕು. 1982ರ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಆ ನೆಲದ ಮೂರರಲ್ಲೊಂದು ಪಾಲು ಸಾರ್ವಜನಿಕ ಬಯಲಿಗೆ, ಇನ್ನೊಂದು ಪಾಲು ಅಗ್ಗದ ವಸತಿಗೆ, ಉಳಿದದ್ದು ಮಾಲೀಕರಿಗೆ ಎಂಬ ಸೂತ್ರವನ್ನು 1991ರ ನಗರಾಭಿವೃದ್ಧಿ ನಿಯಮಗಳು ತಂದವು. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿ ಗಿರಣಿಗಳ ನೆಲವನ್ನು ಒಟ್ಟಾಗಿ ಯೋಜಿಸಬೇಕೆಂದು ವರದಿ ಕೊಟ್ಟಿತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೀಗೆ ಒಟ್ಟು ಯೋಜನೆಯಿಲ್ಲದೆ ಪ್ರತಿ ಗಿರಣಿಯ ನೆಲವೂ ತನ್ನ ಕಾಂಪೌಂಡಿನೊಳಗೆ ತಾನೇ ಬೆಳೆಯಿತು, ರಸ್ತೆಗಳೂ ರೈಲ್ವೆ ಸೇತುವೆಗಳೂ ಬಹುಪಾಲು ಹಳೆಯ ಅಗಲದಲ್ಲೇ ಉಳಿದವು. 2017ರ ಸೆಪ್ಟೆಂಬರಿನಲ್ಲಿ ಹತ್ತಿರದ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಕಾಲ್ತುಳಿತದಲ್ಲಿ 20ಕ್ಕೂ ಹೆಚ್ಚು ಜನ ಸತ್ತದ್ದನ್ನು ಬರೀ ಅಪಘಾತವೆಂದು ನನ್ನ ವೃತ್ತಿಯವರು ಪಕ್ಕಕ್ಕಿಡಲಾಗದು.

ಹೋಲಿಸಿ ನೋಡಲು ಕ್ರಾಫರ್ಡ್ ಮಾರುಕಟ್ಟೆಗೆ ಹೋಗಬಹುದು. ವಿಲಿಯಂ ಎಮರ್ಸನ್ ವಿನ್ಯಾಸದ ಈ ಕಟ್ಟಡ 1869ರದು. ಅದು ಜನಜಂಗುಳಿಯ ಮೂಲೆಗೆ ಮುಖ ಮಾಡಿ ಕಮಾನುಗಳಿಂದ ನೇರವಾಗಿ ಒಳಗೆ ಕರೆಯುತ್ತದೆ, ಕಾಲುದಾರಿಗೂ ಅಂಗಡಿಗೂ ನಡುವೆ ತಪಾಸಣೆಯ ಯಂತ್ರವಿಲ್ಲ. 1999ರಲ್ಲಿ ಹಾಜಿ ಅಲಿ ಬಳಿ ತೆರೆದ ಕ್ರಾಸ್‌ರೋಡ್ಸ್ ಮಾಲು, ಮೊಬೈಲ್ ಫೋನಾಗಲಿ ಕ್ರೆಡಿಟ್ ಕಾರ್ಡಾಗಲಿ ಇಲ್ಲದವರಿಂದ ಕೆಲಕಾಲ ಪ್ರವೇಶಶುಲ್ಕ ಕೇಳಿತ್ತು. ಅಂಥ ನಿಯಮ ಈಗಿಲ್ಲವಾದರೂ ಯಾರು ಒಳಗೆ ಬರಲು ಹಿಂಜರಿಯುತ್ತಾರೆ ಎಂಬುದನ್ನು ಫೀನಿಕ್ಸಿನ ಬಾಗಿಲ ಬಳಿ ಅರ್ಧ ಗಂಟೆ ನಿಂತರೆ ಕಾಣಬಹುದು.

ವಾರದ ದಿನ, ಕಚೇರಿಗಳು ಬಿಡುವ ಹೊತ್ತಿಗೆ ಹೋಗಿ. ಲೋವರ್ ಪರೇಲ್ ನಿಲ್ದಾಣದಿಂದ ನಡೆದೇ ಬಂದು, ಕಾಲುದಾರಿ ಎಲ್ಲೆಲ್ಲಿ ತುಂಡಾಗುತ್ತದೆ, ಕಾರುಗಳ ಪ್ರವೇಶ ಎಲ್ಲಿ ಪಾದಚಾರಿಯನ್ನು ಅಡ್ಡಹಾಯುತ್ತದೆ ಎಂಬುದನ್ನು ಗುರುತಿಸಿಕೊಳ್ಳಿ. ಒಳಗೆ ಅಳತೆಪಟ್ಟಿ, ಕ್ಯಾಮೆರಾ ಹಿಡಿದರೆ ಕಾವಲುಗಾರರು ತಡೆಯುವ ಸಂಭವವಿದೆ. ಪುಟ್ಟ ಪುಸ್ತಕವೂ ಪೆನ್ಸಿಲೂ ಸಾಕು, ಅಂತರವನ್ನು ಹೆಜ್ಜೆಗಳಲ್ಲಿ ಎಣಿಸಿಕೊಳ್ಳಬಹುದು.