ಅಂಗೈಯೋ ನಾಲಿಗೆಯೋ: ಪರಮಪ್ರಸಾದ ನೀಡಿಕೆಯ ದೀರ್ಘ ಚರಿತ್ರೆ

ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ, ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಪವಿತ್ರೀಕರಿಸಿ ಭಕ್ತರಿಗೆ ನೀಡುವ ರೊಟ್ಟಿಯನ್ನು, ಹೇಗೆ ಸ್ವೀಕರಿಸಬೇಕೆಂಬುದನ್ನು ಧರ್ಮಾಧ್ಯಕ್ಷರೇ (ಬಿಷಪರೇ) ವಿವರವಾಗಿ ಹೇಳಿಕೊಡುತ್ತಿದ್ದರು. ಸಂತ ಸಿರಿಲರ ಹೆಸರಿನಲ್ಲಿ ಉಳಿದುಬಂದಿರುವ ಆ ಪಾಠಗಳು (ಅವು ಸಿರಿಲರವೋ ಅವರ ನಂತರ ಬಂದ ಯೊವಾನ್ನರವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ) ಹೇಳುವುದಿಷ್ಟು: ಕೈಗಳನ್ನು ಅಡ್ಡಾದಿಡ್ಡಿ ಚಾಚಿಕೊಂಡು, ಬೆರಳು ಬಿಡಿಸಿಕೊಂಡು ಬರಬಾರದು, ಅರಸನನ್ನು ಬರಮಾಡಿಕೊಳ್ಳಲಿರುವ ಬಲಗೈಗೆ ಎಡಗೈ ಸಿಂಹಾಸನವಾಗಬೇಕು, ಅಂಗೈಯನ್ನು ಗುಳಿಯಾಗಿಸಿ ಕ್ರಿಸ್ತರ ಶರೀರವನ್ನು ಪಡೆದು ‘ಆಮೆನ್’ ಎನ್ನಬೇಕು, ಮೊದಲು ಅದನ್ನು ಕಣ್ಣಿಗೊತ್ತಿಕೊಂಡು ಆಮೇಲೆ ಭುಜಿಸಬೇಕು, ಒಂದು ಚೂರೂ ಬೀಳದಂತೆ ನೋಡಿಕೊಳ್ಳಬೇಕು. ಯಾರಾದರೂ ನಿಮ್ಮ ಕೈಗೆ ಚಿನ್ನದ ಪುಡಿ ಕೊಟ್ಟರೆ ಎಷ್ಟು ಜೋಪಾನವಾಗಿ ಹಿಡಿದುಕೊಳ್ಳುತ್ತೀರಿ, ಚಿನ್ನಕ್ಕಿಂತಲೂ ರತ್ನಕ್ಕಿಂತಲೂ ಹೆಚ್ಚಿನದಾದ ಇದನ್ನು ಇನ್ನೆಷ್ಟು ಜೋಪಾನ ಮಾಡಬೇಕು ಎಂದು ಆ ಪಾಠ ಕೇಳುತ್ತದೆ.

ಕನ್ನಡ ಓದುಗರಿಗೆ ಈ ಚಿತ್ರ ಅಪರಿಚಿತವೆನಿಸದು. ಎಡಗೈ ಮೇಲೆ ಬಲಗೈ ಇಟ್ಟು ಅಂಗೈ ಗುಳಿ ಮಾಡಿ ತೀರ್ಥಕ್ಕೆ ಒಡ್ಡುವುದು, ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳುವುದು ನಮ್ಮ ನೆಲದಲ್ಲಿ ಯಾರೂ ಕಲಿಸದೆ ಬರುವ ನಡೆ. ಆದರೆ ಇಂದು ಕಥೋಲಿಕ ಧರ್ಮಕೇಂದ್ರಗಳಲ್ಲಿ ಕೈಯಲ್ಲಿ ಪರಮಪ್ರಸಾದ ಪಡೆಯುವವರಿಗೆ ಕಲಿಸುವ ರೀತಿ ಸಾಮಾನ್ಯವಾಗಿ ಇದರ ತಿರುವುಮುರುವು: ಬಲಗೈ ಮೇಲೆ ಎಡಗೈ, ಎಡ ಅಂಗೈಯಲ್ಲಿ ರೊಟ್ಟಿ, ಬಲಗೈ ಬೆರಳುಗಳಿಂದ ಅದನ್ನು ಎತ್ತಿ ಬಾಯಿಗೆ. ಹಾಗಾಗಿ 1969ರ ನಂತರ ಬಳಕೆಗೆ ಬಂದ ಪದ್ಧತಿ ಸಿರಿಲರ ಕಾಲದ ಪದ್ಧತಿಯೇ ಮರಳಿ ಬಂದದ್ದು ಎನ್ನುವವರ ಮಾತೂ, ಅದು ನಿನ್ನೆ ಮೊನ್ನೆ ಹುಟ್ಟಿದ ಅಸಡ್ಡೆ ಎನ್ನುವವರ ಮಾತೂ ಅರ್ಧ ಮಾತ್ರ ಸರಿ. ಒಂದೇ ಸಾಲಿನಲ್ಲಿ ಅಜ್ಜಿ ಬಾಯಿ ತೆರೆದು, ಮೊಮ್ಮಗ ಅಂಗೈ ಒಡ್ಡಿ, ಅವನ ಹಿಂದೆ ನಿಂತವರೊಬ್ಬರು ಮೊಣಕಾಲೂರಿ ಪರಮಪ್ರಸಾದ ಪಡೆಯುವ ಇಂದಿನ ನೋಟದ ಹಿಂದೆ ಇರುವ ಚರಿತ್ರೆ ಎರಡೂ ಪಕ್ಷದವರು ಹೇಳುವಷ್ಟು ಸರಳವಾದುದಲ್ಲ.

ಮೊದಲ ಶತಮಾನಗಳಲ್ಲಿ ಪರಮಪ್ರಸಾದ ದೇವಾಲಯದ ಒಳಗಷ್ಟೇ ಇರುತ್ತಿರಲಿಲ್ಲ. 155ರ ಸುಮಾರಿಗೆ ರೋಮಿನಲ್ಲಿ ಬರೆದ ಸಂತ ಜಸ್ಟಿನರು, ಪೂಜೆಗೆ ಬರಲಾಗದವರ ಮನೆಗೆ ಸೇವಾದರ್ಶಿಗಳು (ಯಾಜಕರಿಗೆ ನೆರವಾಗುವ ಡೀಕನ್‌ಗಳು) ಅದನ್ನು ಕೊಂಡೊಯ್ಯುತ್ತಿದ್ದರೆಂದು ತಿಳಿಸುತ್ತಾರೆ. ಯಾಜಕರಿಲ್ಲದ ಮರುಭೂಮಿಯ ಸನ್ಯಾಸಿಗಳು ತಾವೇ ಇಟ್ಟುಕೊಂಡು ಸ್ವೀಕರಿಸುತ್ತಿದ್ದರು, ಈಜಿಪ್ಟಿನಲ್ಲಿ ಸಾಮಾನ್ಯ ಭಕ್ತರೂ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು ಎಂದು ಸಂತ ಬೆಸಿಲರ ಪತ್ರವೊಂದು ಹೇಳುತ್ತದೆ. ಆದರೆ ಕೈಯಲ್ಲಿ ಪಡೆಯುವುದೆಂದರೆ ಕೈಹಾಕಿ ತೆಗೆದುಕೊಳ್ಳುವುದು ಎಂದಾಗಿರಲಿಲ್ಲ, ಕೈಗೂ ಕಟ್ಟುಪಾಡುಗಳಿದ್ದವು. ಗಾಲ್ ದೇಶದ, ಅಂದರೆ ಇಂದಿನ ಫ್ರಾನ್ಸಿನ, ಆರ್ಲ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಸೇರಿಯಸರು 6ನೇ ಶತಮಾನದ ಮೊದಲರ್ಧದಲ್ಲಿ, ಗಂಡಸರು ಪೀಠದ ಬಳಿ ಬರುವ ಮುನ್ನ ಕೈ ತೊಳೆಯುತ್ತಾರೆ, ಹೆಂಗಸರು ಶುಭ್ರವಾದ ನಾರುಬಟ್ಟೆಯನ್ನು ಅಂಗೈ ಮೇಲೆ ಹಾಸಿಕೊಂಡು ಬರುತ್ತಾರೆ ಎಂದು ಪ್ರಬೋಧನೆಯಲ್ಲಿ ನೆನಪಿಸುತ್ತಾರೆ. ಅದೇ ಶತಮಾನದ ಕೊನೆಯ ಭಾಗದಲ್ಲಿ ಗಾಲ್‌ನದೇ ಓಸೇರ್ ನಗರದಲ್ಲಿ ಸೇರಿದ ಧಾರ್ಮಿಕ ಸಭೆ, ಹೆಂಗಸರು ಬರಿಗೈಯಲ್ಲಿ ಪರಮಪ್ರಸಾದ ಪಡೆಯಕೂಡದೆಂದು ವಿಧಿಸಿತು.

ಪೂರ್ವದ ಧರ್ಮಸಭೆಯಲ್ಲಿ ತೊಡಕು ಬೇರೆಯದೇ ಆಗಿತ್ತು. ಕೆಲವರು ತಮ್ಮ ಕೈ ಇದಕ್ಕೆ ಯೋಗ್ಯವಲ್ಲವೆಂದು ಭಾವಿಸಿ ಚಿನ್ನದ ಪುಟ್ಟ ಪಾತ್ರೆಗಳನ್ನು ತಂದು ಒಡ್ಡತೊಡಗಿದ್ದರು. ಕಾನ್‌ಸ್ಟಾಂಟಿನೋಪಲಿನಲ್ಲಿ 692ರಲ್ಲಿ ಸೇರಿದ ಟ್ರುಲ್ಲೋ ಸಭೆ ತನ್ನ 101ನೇ ವಿಧಿಯಲ್ಲಿ ಇದನ್ನು ನಿಷೇಧಿಸಿತು. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮನುಷ್ಯನ ಕೈಗಿಂತ ಜೀವವಿಲ್ಲದ ಲೋಹ ಹೆಚ್ಚಿನದಲ್ಲ, ಕೈಗಳನ್ನು ಶಿಲುಬೆಯಾಕಾರದಲ್ಲಿ ಜೋಡಿಸಿಕೊಂಡು ಬನ್ನಿ ಎಂಬುದು ಅದರ ತಾತ್ಪರ್ಯ. ಹೆಚ್ಚು ಭಕ್ತಿ ತೋರಲು ಹೋದವರನ್ನೇ ಧರ್ಮಸಭೆ ತಡೆದ ಅಪರೂಪದ ಸಂದರ್ಭವಿದು. ವಿಚಿತ್ರವೆಂದರೆ, ಮುಂದೆ ಪೂರ್ವದಲ್ಲೂ ಕೈಯ ಪದ್ಧತಿ ನಿಂತು, ದ್ರಾಕ್ಷಾರಸದಲ್ಲಿ ನೆನೆದ ರೊಟ್ಟಿಯನ್ನು ಚಮಚದಿಂದ ಬಾಯಿಗಿಡುವ ರೂಢಿ ಬಂತು.

ಪಶ್ಚಿಮದಲ್ಲಿ ಕೈಯಿಂದ ನಾಲಿಗೆಗೆ ನಡೆದ ಬದಲಾವಣೆ ಒಂದೇ ಆಜ್ಞೆಯಿಂದ ಆದದ್ದಲ್ಲ. ಸುಮಾರು 9ನೇ ಶತಮಾನದ್ದೆನ್ನಲಾಗುವ ರೂಆನ್ ಸಭೆಯ ವಿಧಿಯೊಂದು, ಸಾಮಾನ್ಯ ಭಕ್ತರ ಕೈಗೆ ಕೊಡದೆ ಬಾಯಿಗೆ ಮಾತ್ರ ಇಡಬೇಕೆನ್ನುತ್ತದೆ. ಹೆಚ್ಚುಕಡಿಮೆ ಅದೇ ಕಾಲದಿಂದ ಪಶ್ಚಿಮದಲ್ಲಿ ಹುಳಿಹಿಟ್ಟಿನ ರೊಟ್ಟಿ ಹಿಂದೆ ಸರಿದು, ಹುಳಿಯಿಲ್ಲದ, ತೆಳುವಾದ, ಬಿಳಿಯ ರೊಟ್ಟಿ ಬಂತು. ಮುರಿದು ಹಂಚುವ ದಪ್ಪ ರೊಟ್ಟಿಯನ್ನು ಅಗಿಯಬೇಕು, ಅದನ್ನು ನಾಲಿಗೆಯ ಮೇಲೆ ಇಡುವುದು ಸುಲಭವಲ್ಲ. ನಾಣ್ಯದಗಲದ ತೆಳು ಬಿಲ್ಲೆಯಾದರೆ ತಾನೇ ಕರಗುತ್ತದೆ. ಆಚಾರಗಳ ಚರಿತ್ರೆ ಬರೆಯುವವರು ದೊಡ್ಡ ದೊಡ್ಡ ತತ್ತ್ವಗಳನ್ನು ಹುಡುಕುತ್ತಾ ಇಂಥ ಅಡುಗೆಮನೆಯ ಕಾರಣಗಳನ್ನು ಮರೆಯುವುದುಂಟು. ತತ್ತ್ವವೂ ಇರಲಿಲ್ಲವೆಂದಲ್ಲ. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಅದನ್ನು ಸ್ಪಷ್ಟವಾಗಿ ಹೇಳಿದರು: ಪವಿತ್ರೀಕರಿಸಿದ ವಸ್ತುವಲ್ಲದೆ ಬೇರೇನೂ ಈ ಸಂಸ್ಕಾರವನ್ನು ಸ್ಪರ್ಶಿಸಕೂಡದು, ಆದ್ದರಿಂದಲೇ ಪೀಠದ ವಸ್ತ್ರ, ಪೂಜಾಪಾತ್ರೆ, ಯಾಜಕರ ಕೈ ಮೂರೂ ಅಭಿಷಿಕ್ತವಾದವು, ಬೇರೆಯವರು ಮುಟ್ಟುವಂತಿಲ್ಲ, ನೆಲಕ್ಕೆ ಬೀಳುವಂತಹ ಅನಿವಾರ್ಯ ಸಂದರ್ಭದ ಹೊರತು.

ಗೌರವ ಹೆಚ್ಚಿದಂತೆ ಸ್ವೀಕರಿಸುವವರು ಕಡಿಮೆಯಾದರು. ವರ್ಷಕ್ಕೊಮ್ಮೆಯಾದರೂ, ಪುನರುತ್ಥಾನದ ಹಬ್ಬದ ಸಮಯದಲ್ಲಿ, ಪರಮಪ್ರಸಾದ ಸ್ವೀಕರಿಸಲೇಬೇಕೆಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಕಡ್ಡಾಯ ಮಾಡಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ. ಅದೇ ಕಾಲಕ್ಕೆ ಪ್ಯಾರಿಸ್ ಕಡೆಯಿಂದ, ಪವಿತ್ರೀಕರಿಸಿದ ರೊಟ್ಟಿಯನ್ನು ಯಾಜಕರು ಎತ್ತರಕ್ಕೆ ಎತ್ತಿ ಜನರಿಗೆ ತೋರಿಸುವ ರೂಢಿ ಹರಡಿತು. ಭುಜಿಸುವುದಕ್ಕಿಂತ ದರ್ಶನವೇ ಮುಖ್ಯವೆನಿಸಿಕೊಂಡ ಶತಮಾನಗಳವು. ಪೂಜಾಪಾತ್ರೆಯಿಂದ ಕುಡಿಯುವುದು ಸಾಮಾನ್ಯ ಭಕ್ತರಿಗೆ ತಪ್ಪಿಹೋದದ್ದೂ ಇದೇ ಅವಧಿಯಲ್ಲಿ. 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಅದನ್ನು ಶಾಸನವನ್ನಾಗಿಸಿದಾಗ ಬೊಹೀಮಿಯದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ, ಪಾತ್ರೆಯೇ ಬಂಡಾಯದ ಲಾಂಛನವಾಯಿತು.

ನಮ್ಮ ಹಳೆಯ ದೇವಾಲಯಗಳಲ್ಲಿ ಇಂದಿಗೂ ಕೆಲವೆಡೆ ಕಾಣುವ, ಪೀಠದ ಮುಂದಿನ ಕಟಾಂಜನ 16ನೇ ಶತಮಾನದ ಕಥೋಲಿಕ ಸುಧಾರಣೆಗಳ ಕೊಡುಗೆ. ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಅವರು ದೇವಾಲಯಗಳ ನಿರ್ಮಾಣದ ಬಗ್ಗೆ 1577ರಲ್ಲಿ ಹೊರಡಿಸಿದ ಸೂಚನೆಗಳು ಅದು ಹರಡಲು ಒತ್ತಾಸೆಯಾದವು. ಜನ ಅದರ ಮುಂದೆ ಸಾಲಾಗಿ ಮೊಣಕಾಲೂರುತ್ತಿದ್ದರು. ಅದರುದ್ದಕ್ಕೂ ಬಿಳಿಯ ಬಟ್ಟೆ ಹಾಸಿರುತ್ತಿತ್ತು. ಕೈಗಳನ್ನು ಆ ಬಟ್ಟೆಯ ಅಡಿಗಿಟ್ಟು ಅದನ್ನು ಗಲ್ಲದವರೆಗೆ ಎತ್ತಿ ಹಿಡಿಯಬೇಕಿತ್ತು, ಚೂರು ಬಿದ್ದರೆ ಬಟ್ಟೆಯ ಮೇಲೆಯೇ ಬೀಳಲೆಂದು. 1929ರಲ್ಲಿ ರೋಮಿನ ಸೂಚನೆಯೊಂದು ಲೋಹದ ತಟ್ಟೆಯನ್ನೂ ಗಲ್ಲದ ಕೆಳಗೆ ಹಿಡಿಯಬೇಕೆಂದಿತು. ಯಾಜಕರಾದರೋ ಪವಿತ್ರೀಕರಣದ ಕ್ಷಣದಿಂದ ಪೂಜೆಯ ಕೊನೆಯಲ್ಲಿ ಬೆರಳು ತೊಳೆಯುವವರೆಗೆ ಹೆಬ್ಬೆರಳು ತೋರುಬೆರಳುಗಳನ್ನು ಜೋಡಿಸಿಯೇ ಇಟ್ಟಿರುತ್ತಿದ್ದರು. ಪುಟ ಮಗುಚುವಾಗಲೂ ಅವೆರಡು ಬೇರೆಯಾಗುತ್ತಿರಲಿಲ್ಲ. ಪ್ರಸಾದ ನೆಲಕ್ಕೆ ಬಿದ್ದರೆ ಆ ಜಾಗವನ್ನು ತೊಳೆದು, ತುಸು ಕೆರೆದು, ಕೆರೆದ ಪುಡಿಯನ್ನು ಪವಿತ್ರ ವಸ್ತುಗಳಿಗಾಗಿಯೇ ಇರುವ, ನೇರವಾಗಿ ಮಣ್ಣಿಗಿಳಿಯುವ ಗುಂಡಿಗೆ ಹಾಕಬೇಕೆಂದು 1570ರ ಪೂಜಾಗ್ರಂಥ ವಿಧಿಸಿತ್ತು. ಸಿರಿಲರ ಚಿನ್ನದ ಪುಡಿಯ ಚಿಂತೆಯೇ ಇಲ್ಲೂ ಇರುವುದು. ಬದಲಾದದ್ದು ಅದನ್ನು ಕಾಯುವ ಹೊಣೆ ಯಾರದೆಂಬುದು. ಅಂದು ಭಕ್ತನ ಅಂಗೈಯದಾಗಿದ್ದ ಹೊಣೆ ಬಟ್ಟೆಗೂ ತಟ್ಟೆಗೂ ಯಾಜಕರ ಬೆರಳಿಗೂ ಹೋಗಿತ್ತು.

ಇಂದಿನ ಉದ್ದನೆಯ ಸಾಲುಗಳಿಗೆ ಕಾರಣರಾದವರು ಪೋಪ್ ಹತ್ತನೇ ಪಯಸರು. ಪದೇ ಪದೇ, ಸಾಧ್ಯವಾದರೆ ಪ್ರತಿದಿನ, ಸ್ವೀಕರಿಸಿ ಎಂದು 1905ರಲ್ಲಿಯೂ, ಸುಮಾರು ಏಳು ವರ್ಷಕ್ಕೆ ವಿವೇಕ ಬಂದ ಮಕ್ಕಳಿಗೂ ಕೊಡಿ ಎಂದು 1910ರಲ್ಲಿಯೂ ಅವರು ಆದೇಶಿಸಿದರು. ನಡುರಾತ್ರಿಯಿಂದ ನೀರನ್ನೂ ಮುಟ್ಟದಿರುವ ಉಪವಾಸವನ್ನು ಹನ್ನೆರಡನೇ ಪಯಸರು 1953ರಲ್ಲೂ 1957ರಲ್ಲೂ ಸಡಿಲಿಸಿದರು. 1964ರಲ್ಲಿ ಆರನೇ ಪೌಲರು ಅದನ್ನು ಒಂದು ಗಂಟೆಗೆ ಇಳಿಸಿದರು. ಬೆರಳೆಣಿಕೆಯ ಜನರಿಗಾಗಿ ರೂಪುಗೊಂಡಿದ್ದ ಕ್ರಮ ಇಡೀ ಸಭೆಯ ಭಾರವನ್ನು ಹೊರಬೇಕಾಗಿ ಬಂತು.

ಅಷ್ಟರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಗಳ ಕೆಲವು ಕಡೆ ಅನುಮತಿಗೆ ಕಾಯದೆಯೇ ಕೈಗೆ ಕೊಡುವುದು ಶುರುವಾಗಿತ್ತು. ಆರನೇ ಪೌಲರು ಲ್ಯಾಟಿನ್ ವಿಧಿಯ, ಅಂದರೆ ಪಶ್ಚಿಮದ ಆರಾಧನಾ ಪದ್ಧತಿಯ, ಧರ್ಮಾಧ್ಯಕ್ಷರೆಲ್ಲರ ಅಭಿಪ್ರಾಯ ಕೇಳಿದರು. ಕೈಯಲ್ಲಿ ಪಡೆಯುವ ಪದ್ಧತಿಗೆ 567 ಮಂದಿ ಒಪ್ಪಿದರು, 1233 ಮಂದಿ ಬೇಡವೆಂದರು, 315 ಮಂದಿ ಷರತ್ತಿನ ಮೇಲೆ ಒಪ್ಪಿದರು. ಸರಿಯಾಗಿ ತಿಳಿಹೇಳಿದರೆ ಭಕ್ತರು ಇದನ್ನು ಸಂತೋಷದಿಂದ ಸ್ವೀಕರಿಸುವರೇ ಎಂಬ ಪ್ರಶ್ನೆಗೆ ಇಲ್ಲವೆಂದವರು 1185, ಹೌದೆಂದವರು 835. ಈ ಅಂಕಿಗಳನ್ನು ಒಳಗೊಂಡ ‘ಮೆಮೊರಿಯಾಲೆ ದೊಮಿನಿ’ ಎಂಬ ಸೂಚನಾಪತ್ರ 1969ರ ಮೇ 29ರಂದು ಹೊರಬಂತು. ನಾಲಿಗೆಯ ಮೇಲೆ ನೀಡುವ ಪದ್ಧತಿಯೇ ಉಳಿಯಬೇಕೆಂದು ಅದು ವಾದಿಸುತ್ತದೆ. ಆದರೆ ಕೊನೆಗೆ, ಬೇರೆ ರೂಢಿ ಈಗಾಗಲೇ ಬೇರೂರಿರುವ ದೇಶಗಳ ಧರ್ಮಾಧ್ಯಕ್ಷರ ಮಂಡಳಿ ಗುಪ್ತ ಮತದಾನದಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಿ ರೋಮಿಗೆ ಕಳಿಸಿದರೆ ಅನುಮತಿ ಸಿಗುವುದೆಂದು ಬಾಗಿಲು ತುಸು ತೆರೆಯುತ್ತದೆ. ಆ ಸಂದಿಯಲ್ಲೇ ದೇಶದ ಮೇಲೆ ದೇಶ ನುಸುಳಿತು. ಅಮೆರಿಕ 1977ರಲ್ಲಿ ಬಂತು. ಬೇಡವೆಂದು ಬರೆದ ಪತ್ರವೇ ಬೇಕೆಂದವರಿಗೆ ದಾರಿಯಾದದ್ದು ಆಡಳಿತದ ಚರಿತ್ರೆಯಲ್ಲಿ ಹೊಸದೇನಲ್ಲ, ಆದರೂ ಇಷ್ಟು ಅಚ್ಚುಕಟ್ಟಾಗಿ ಆದದ್ದು ವಿರಳ.

‘ಮೆಮೊರಿಯಾಲೆ ದೊಮಿನಿ’ ಹೊರಬರುವ ಒಂದು ತಿಂಗಳ ಮುಂಚೆ, 1969ರ ಏಪ್ರಿಲ್ 25ರಂದು, ಪೂಜಾವಿಧಿಯನ್ನು ಭಾರತದ ರೂಢಿಗೆ ಹೊಂದಿಸುವ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತ್ತು. ಇದರ ಹಿಂದೆ ದುಡಿದವರಲ್ಲಿ ಪ್ರಮುಖರು ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರವನ್ನು ನಡೆಸಿದ ಫಾದರ್ ಡಿ. ಎಸ್. ಅಮಲೋರ್ಪವದಾಸ್. ನೆಲದ ಮೇಲೆ ಕುಳಿತು ಪೂಜೆಯಲ್ಲಿ ಪಾಲ್ಗೊಳ್ಳಬಹುದು, ಚಪ್ಪಲಿ ಹೊರಗೆ ಬಿಡಬಹುದು, ಒಂದು ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು, ಪಂಚಾಂಗ ಪ್ರಣಾಮ ಮಾಡಬಹುದು, ಪವಿತ್ರ ವಸ್ತುಗಳಿಗೆ ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೋ ಹಣೆಗೋ ಒತ್ತಿಕೊಳ್ಳಬಹುದು ಎಂಬುವು ಅವುಗಳಲ್ಲಿ ಕೆಲವು. ಇದನ್ನು ಹಿಂದೂ ಆಚಾರದ ಅನುಕರಣೆಯೆಂದು ಅಂದು ವಿರೋಧಿಸಿದ ಕಥೋಲಿಕರು ಕಡಿಮೆಯಿರಲಿಲ್ಲ. ಕಣ್ಣಿಗೊತ್ತಿಕೊಳ್ಳುವುದನ್ನು ಜೆರುಸಲೇಮಿನ ಧರ್ಮಾಧ್ಯಕ್ಷರೇ ಹದಿನಾರು ಶತಮಾನಗಳ ಹಿಂದೆ ಕಲಿಸಿದ್ದರೆಂಬುದು ಆ ಜಗಳದಲ್ಲಿ ಹೆಚ್ಚಾಗಿ ಕೇಳಿಬರಬೇಕಿತ್ತು ಎಂದು ನನಗನಿಸುತ್ತದೆ.

1973ರಲ್ಲಿ ಇನ್ನೊಂದು ಬದಲಾವಣೆ ಬಂತು. ಯಾಜಕರು ಸಾಲದಾದಾಗ ಕನ್ಯಾಸ್ತ್ರೀಯರು ಮತ್ತು ತರಬೇತಾದ ಶ್ರೀಸಾಮಾನ್ಯರು ಅಸಾಧಾರಣ ಸೇವಕರಾಗಿ ಪರಮಪ್ರಸಾದ ನೀಡಬಹುದೆಂದಾಯಿತು. ಅಕ್ವಿನಾಸರ ಅಭಿಷಿಕ್ತ ಕೈಗಳ ವಾದ ಇಲ್ಲಿಗೆ ಬಹುಮಟ್ಟಿಗೆ ಬದಿಗೆ ಸರಿಯಿತು. ಸಡಿಲಿಕೆಯ ಜೊತೆಗೆ ದೂರುಗಳೂ ಬಂದವು. ಅವುಗಳಿಗೆ ಉತ್ತರವೆಂಬಂತೆ 2004ರ ಮಾರ್ಚ್ 25ರಂದು ಹೊರಟ ‘ರೆದೆಂಪ್ತಿಯೋನಿಸ್ ಸಾಕ್ರಮೆಂತುಂ’ ಇಂದಿಗೂ ಧರ್ಮಕೇಂದ್ರಗಳು ಅನುಸರಿಸಬೇಕಾದ ಕಟ್ಟಳೆ. ನಾಲಿಗೆಯ ಮೇಲೆ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಸದಾ ಉಂಟು. ನಿಂತರೆಂದೋ ಮೊಣಕಾಲೂರಿದರೆಂದೋ ಯಾರಿಗೂ ನಿರಾಕರಿಸುವಂತಿಲ್ಲ. ಕೈಯಲ್ಲಿ ಪಡೆದವರು ಕೊಟ್ಟವರ ಕಣ್ಣೆದುರೇ ಭುಜಿಸಬೇಕು. ಅಪವಿತ್ರವಾಗುವ ಭಯವಿದ್ದಲ್ಲಿ ಕೈಗೆ ಕೊಡಕೂಡದು. ಗಲ್ಲದ ಕೆಳಗಿನ ತಟ್ಟೆಯನ್ನು ಕೈಬಿಡಬಾರದು. ದ್ರಾಕ್ಷಾರಸದಲ್ಲಿ ಅದ್ದಿದ್ದಾದರೆ ಬಾಯಿಗೇ ನೀಡಬೇಕು, ಭಕ್ತರು ತಾವೇ ಅದ್ದಿಕೊಳ್ಳುವಂತಿಲ್ಲ. ಪಾತ್ರೆಯಿಂದ ತಾವೇ ಎತ್ತಿಕೊಳ್ಳುವುದು, ಪಕ್ಕದವರಿಗೆ ದಾಟಿಸುವುದು ಸಲ್ಲದು. ಈ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಕೈ ನಾಲಿಗೆಗಳ ವಾಗ್ವಾದದಲ್ಲಿ ಮರೆಯಾಗುವ ಭೇದ ಇದೇ: ಪರಮಪ್ರಸಾದವನ್ನು ಇನ್ನೊಬ್ಬರಿಂದ ಪಡೆಯಬೇಕು, ತೆಗೆದುಕೊಳ್ಳುವಂತಿಲ್ಲ. ಒಡ್ಡಿದ ಅಂಗೈಯೂ ತೆರೆದ ಬಾಯಿಯೂ ಈ ವಿಷಯದಲ್ಲಿ ಒಂದೇ ಪಕ್ಷ.

2008ರಲ್ಲಿ ಹದಿನಾರನೇ ಬೆನೆಡಿಕ್ಟರು ತಮ್ಮಿಂದ ಪಡೆಯುವವರಿಗೆ ಮೊಣಕಾಲ ಪೀಠವಿಟ್ಟು ನಾಲಿಗೆಯ ಮೇಲೆಯೇ ನೀಡತೊಡಗಿದರು. ಆದರೆ ಉಳಿದವರಿಗೆ ಕಾನೂನು ಬದಲಿಸಲಿಲ್ಲ. 2020ರಲ್ಲಿ ಕೊರೊನಾ ಬಂದಾಗ ಗಾಳಿ ಉಲ್ಟಾ ಬೀಸಿತು. ಜಗತ್ತಿನ ಅನೇಕ ಧರ್ಮಪ್ರಾಂತ್ಯಗಳು ಸೋಂಕಿನ ಭಯದಿಂದ ಕೈಯಲ್ಲಿ ಮಾತ್ರ ಎಂದವು. ಜೀವಮಾನವಿಡೀ ಕೈಯೊಡ್ಡದಿದ್ದ ಹಿರಿಯರು ಎಡಗೈ ಮೇಲೋ ಬಲಗೈ ಮೇಲೋ ಎಂದು ತಡವರಿಸುತ್ತಾ ಸಾಲಿನಲ್ಲಿ ನಿಂತರು. ಪೀಠದತ್ತ ಹೆಜ್ಜೆಯಿಡುವ ಮುನ್ನ ಸ್ಯಾನಿಟೈಜರ್ ಹಚ್ಚಿ ಕೈ ಉಜ್ಜಿಕೊಳ್ಳಬೇಕಿತ್ತು, ಆರ್ಲ್ ನಗರದ ಗಂಡಸರು ಕೈ ತೊಳೆದು ಬರುತ್ತಿದ್ದ ಹಾಗೆ. ಹಾಗೆ ಕೈಯೊಡ್ಡಲು ಕಲಿತವರಲ್ಲಿ ಕೆಲವರು ಮಾಸ್ಕು ತೆಗೆದ ಮೇಲೆ ಹಳೆಯ ಅಭ್ಯಾಸಕ್ಕೆ ಮರಳಿದರು, ಕೆಲವರು ಮರಳಲಿಲ್ಲ.