ಡೈನೋಸಾರ್‌ಗಳನ್ನ ಕೊಂದಿದ್ದು ಮೆಕ್ಸಿಕೋಗೆ ಬಿದ್ದ ಕಲ್ಲಾ, ನಮ್ಮ ದಖ್ಖನ್ ಲಾವಾನಾ?

ಕೋಲಾರ ಜಿಲ್ಲೇಲಿ ಡೈನೋಸಾರ್ ಮೂಳೆ ಹುಡುಕೋಕೆ ಮಾತ್ರ ಹೋಗ್ಬೇಡಿ, ಸಿಗಲ್ಲ. ಅಂತರಗಂಗೆ ಹತ್ತಿ ತೇರಹಳ್ಳಿ ತನಕ ಹೋದ್ರೂ ಅಷ್ಟೇ, ಕೆಜಿಎಫ್ ಗಣಿ ಒಳಗೆ ಇಳಿದ್ರೂ ಅಷ್ಟೇ. ಕೆಜಿಎಫ್‌ನಲ್ಲಿ ಬಂಗಾರ ಕೂತಿರೋ ಕಲ್ಲಿಗೆ ಹತ್ತಿರ ಹತ್ತಿರ 270 ಕೋಟಿ ವರ್ಷ ವಯಸ್ಸು, ಡೈನೋಸಾರ್‌ಗಳು ಭೂಮಿ ಮೇಲೆ ಕಾಣಿಸ್ಕೊಂಡಿದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ, ಹೋಗಿದ್ದು 6.6 ಕೋಟಿ ವರ್ಷದ ಹಿಂದೆ. ಅವು ಇಲ್ಲೆಲ್ಲ ಓಡಾಡಿರಬಹುದು, ಆದ್ರೆ ಆ ಕಾಲದ ಹೂಳು ನಮ್ಮ ಕಡೆ ಕಲ್ಲಾಗಿ ಉಳಿದಿಲ್ಲ, ಇರೋದೆಲ್ಲ ಅವಕ್ಕಿಂತ ಎಷ್ಟೋ ಪಟ್ಟು ಹಳೇ ಬಂಡೆ. ಹಂಗಂತ ಈ ಕಥೆಗೂ ನಮಗೂ ಸಂಬಂಧ ಇಲ್ಲ ಅಂತಲ್ಲ. ಬಸ್ ಹತ್ತಿ ವಿಜಯಪುರ, ಕಲಬುರಗಿ, ಬೀದರ್ ಕಡೆ ಹೋದ್ರೆ ಕೆಂಪು ಮಣ್ಣು ಮುಗಿದು ಎರೆ ಭೂಮಿ ಶುರುವಾಗುತ್ತಲ್ಲ, ಅದರಡಿ ಇರೋ, ದಖ್ಖನ್ ಲಾವಾ ಆರಿ ಆದ ಕರೀ ಕಲ್ಲು ಈ ಕೊಲೆ ಕೇಸಲ್ಲಿ ಎರಡನೇ ಆರೋಪಿ.

ಮೊದಲನೇ ಆರೋಪಿ ಎಲ್ಲರಿಗೂ ಗೊತ್ತಿರೋದೇ, ಆಕಾಶದಿಂದ ಬಿದ್ದ ಕ್ಷುದ್ರಗ್ರಹ. ಆದ್ರೆ 1980ಕ್ಕಿಂತ ಮುಂಚೆ ಈ ವಿಷಯದಲ್ಲಿ ಯಾರು ಏನು ಬೇಕಾದ್ರೂ ಹೇಳ್ತಿದ್ರು. ಇಲಿ ಗಾತ್ರದ ಸಸ್ತನಿಗಳು ಬಂದು ಮೊಟ್ಟೆ ಎಲ್ಲ ತಿಂದುಬಿಟ್ವು ಅಂದ್ರು, ಕಂಬಳಿಹುಳ ಜಾಸ್ತಿಯಾಗಿ ಎಲೆ ಪೂರ್ತಿ ಖಾಲಿ ಮಾಡಿದ್ವು ಅಂದ್ರು, ಹೊಸ ಥರದ ಗಿಡ ತಿಂದು ಮಲಬದ್ಧತೆ ಆಗಿ ಸತ್ವು ಅಂದ್ರು. ನಗು ಬರುತ್ತೆ, ಆದ್ರೆ ಇವುಗಳ ನಿಜವಾದ ತಪ್ಪು ಅದಲ್ಲ. ಆಗ ಸತ್ತಿದ್ದು ಬರೀ ಡೈನೋಸಾರ್ ಅಲ್ಲ, ಸಮುದ್ರದಲ್ಲಿದ್ದ ಸುರುಳಿ ಚಿಪ್ಪಿನ ಅಮ್ಮೊನೈಟ್‌ಗಳು, ನೀರಲ್ಲಿ ತೇಲೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಎಲ್ಲ ಸೇರಿ ಜಾತಿಗಳ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೋಯ್ತು. ಮೊಟ್ಟೆ ಕದಿಯೋ ಇಲಿ ಸಮುದ್ರದೊಳಗೆ ಹೋಗಿ ಏನು ಮಾಡುತ್ತೆ ಹೇಳಿ?

ಕ್ಷುದ್ರಗ್ರಹದ ಕಥೆ ಸಿಕ್ಕಿದ್ದು ಬೇರೇನೋ ಹುಡುಕೋವಾಗ. ಇಟಲಿಯ ಗುಬ್ಬಿಯೊ ಅನ್ನೋ ಊರಲ್ಲಿ (ತುಮಕೂರು ಹತ್ರ ಇರೋ ಗುಬ್ಬಿ ಅಲ್ಲಪ್ಪ) ಸುಣ್ಣಕಲ್ಲಿನ ಪದರಗಳ ಮಧ್ಯೆ ಒಂದು ಸೆಂಟಿಮೀಟರ್ ದಪ್ಪದ ಜೇಡಿ ಮಣ್ಣಿನ ಪದರ ಇದೆ, ಅದರ ಕೆಳಗೆ ಡೈನೋಸಾರ್ ಕಾಲ, ಮೇಲೆ ಮುಂದಿನ ಕಾಲ. ಈ ಒಂದು ಸೆಂಟಿಮೀಟರ್ ಕೂರೋಕೆ ಎಷ್ಟು ವರ್ಷ ಹಿಡೀತು ಅನ್ನೋದು ವಾಲ್ಟರ್ ಅಲ್ವಾರೆಜ್ ಅನ್ನೋ ಭೂವಿಜ್ಞಾನಿಗೆ ಇದ್ದ ಪ್ರಶ್ನೆ. ಅವರಪ್ಪ ಲೂಯಿಸ್ ಅಲ್ವಾರೆಜ್ 1968ರಲ್ಲಿ ಫಿಸಿಕ್ಸ್ ನೊಬೆಲ್ ತಗೊಂಡಿದ್ದ ಮನುಷ್ಯ, ಒಂದು ಉಪಾಯ ಹೇಳಿಕೊಟ್ರು. ಬಾಹ್ಯಾಕಾಶದಿಂದ ಧೂಳು ಒಂದೇ ಸಮ ಬೀಳ್ತಾ ಇರುತ್ತೆ, ಅದರಲ್ಲಿ ಇರಿಡಿಯಂ ಅನ್ನೋ ಅಪರೂಪದ ಲೋಹ ಇರುತ್ತೆ, ಆ ಪದರದಲ್ಲಿ ಎಷ್ಟು ಇರಿಡಿಯಂ ಇದೆ ಅಂತ ಅಳೆದ್ರೆ ಎಷ್ಟು ವರ್ಷದ ಧೂಳು ಅಂತ ಲೆಕ್ಕ ಹಾಕಬಹುದು ಅಂತ.

ಇರಿಡಿಯಂ ಯಾಕೆ ಅನ್ನೋದು ಬಂಗಾರದ ಜಿಲ್ಲೆಯವರಿಗೆ ಬೇಗ ಅರ್ಥ ಆಗೋ ವಿಷಯ. ಭೂಮಿ ಹುಟ್ಟಿದ ಹೊಸದರಲ್ಲಿ ಕರಗಿ ಕುದೀತಿದ್ದಾಗ ಕಬ್ಬಿಣ ಭಾರಕ್ಕೆ ನಡುಗರ್ಭಕ್ಕೆ ಇಳೀತು, ಇಳಿಯೋವಾಗ ಬಂಗಾರ, ಪ್ಲಾಟಿನಂ, ಇರಿಡಿಯಂ ಥರ ಕಬ್ಬಿಣದ ಜೊತೆ ಸೇರೋ ಲೋಹಗಳನ್ನೂ ಎಳ್ಕೊಂಡು ಹೋಯ್ತು. ಅದಕ್ಕೇ ಮೇಲೆ ಉಳಿದಿರೋದು ಇಷ್ಟು ಕಮ್ಮಿ. ಬಂಗಾರನಾದ್ರೂ ಬಿಸಿನೀರಲ್ಲಿ ಕರಗಿ ಬಿರುಕುಗಳಲ್ಲಿ ಒಟ್ಟಾಗಿ ಕೆಜಿಎಫ್‌ನ ಚಾಂಪಿಯನ್ ರೀಫ್ ಥರ ಪಟ್ಟೆಯಾಗಿ ಕೂರುತ್ತೆ, ಇರಿಡಿಯಂ ಹಂಗೂ ಕೂರಲ್ಲ, ಸಾಮಾನ್ಯ ಕಲ್ಲಲ್ಲಿ ನೂರು ಕೋಟಿಗೆ ಒಂದು ಪಾಲೂ ಇರಲ್ಲ. ಆದ್ರೆ ಉಲ್ಕೆಗಳಲ್ಲಿ ಅದು ಎಷ್ಟೋ ಜಾಸ್ತಿ. ಗುಬ್ಬಿಯೊ ಮಣ್ಣನ್ನ ಫ್ರಾಂಕ್ ಅಸಾರೋ ಮತ್ತು ಹೆಲೆನ್ ಮಿಶೆಲ್ ಅಳೆದಾಗ ಮಾಮೂಲಿಗಿಂತ 30 ಪಟ್ಟು ಬಂತು, ಡೆನ್ಮಾರ್ಕ್‌ನ ಅದೇ ಪದರದಲ್ಲಿ 160 ಪಟ್ಟು. ದಿನದಿನ ಬೀಳೋ ಧೂಳಿಂದ ಅಷ್ಟು ಬರೋಕೆ ಸಾಧ್ಯನೇ ಇಲ್ಲ.

ನಂಗೆ ಈ ಕಥೇಲಿ ತುಂಬ ಇಷ್ಟ ಆಗೋದು ಅವರು ಆಮೇಲೆ ಮಾಡಿದ ಕೆಲಸ. ಹತ್ತಿರದ ನಕ್ಷತ್ರ ಸಿಡಿದು ಇರಿಡಿಯಂ ಬಂದಿರಬಹುದು ಅಂತ ಮೊದಲು ಅನುಮಾನ ಪಟ್ರು, ಹಂಗಿದ್ರೆ ನಕ್ಷತ್ರ ಸಿಡಿದಾಗ ಹುಟ್ಟೋ ಪ್ಲುಟೋನಿಯಂ-244 ಕೂಡ ಇರ್ಬೇಕು ಅಂತ ಹುಡುಕಿದ್ರು, ಇರ್ಲಿಲ್ಲ, ಸರಿ ಆ ಐಡಿಯಾ ಬಿಟ್ರು. ಆಮೇಲೇನೇ 1980ರಲ್ಲಿ ಸುಮಾರು 10 ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಬಿದ್ದಿದೆ ಅಂತ ಬರೆದಿದ್ದು. ಮೂಳೆ ಅಗೆಯೋ ವಿಜ್ಞಾನಿಗಳಿಗೆ ಕೋಪ ಬಂತು, ನಮ್ಮ ಸಬ್ಜೆಕ್ಟ್‌ಗೆ ಫಿಸಿಕ್ಸ್‌ನವರು ಬಂದು ತೀರ್ಪು ಕೊಡೋದೇನು ಅಂತ, ಲೂಯಿಸ್ ಕೂಡ ಬಾಯಿ ಬಿಗಿ ಹಿಡಿಯೋ ಆಸಾಮಿ ಅಲ್ಲ, ಇವರೆಲ್ಲ ಸ್ಟಾಂಪ್ ಕಲೆಕ್ಟರ್‌ಗಳ ಥರ ಅಂದುಬಿಟ್ರು. ಕೆಜಿಎಫ್ ಗಣಿಯ ಆಳದಲ್ಲೇ 1965ರಲ್ಲಿ ಫಿಸಿಕ್ಸ್‌ನವರು ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣ ಹಿಡಿದಿದ್ರು ಅಂತ ಗೊತ್ತಿರೋ ನಮಗೆ ಇದು ಅಷ್ಟೇನೂ ವಿಚಿತ್ರ ಅನ್ಸಲ್ಲ.

ಕಲ್ಲು ಬಿದ್ದಿದ್ರೆ ಗುಂಡಿ ಎಲ್ಲಿ? ಹತ್ತು ವರ್ಷ ಇದೇ ಪ್ರಶ್ನೆ ಕೇಳಿದ್ರು. ತಮಾಷೆ ಅಂದ್ರೆ ಗುಂಡಿ ಆಗಲೇ ಸಿಕ್ಕಿತ್ತು. ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿಗೆ ಸರ್ವೆ ಮಾಡ್ತಿದ್ದ ಗ್ಲೆನ್ ಪೆನ್‌ಫೀಲ್ಡ್ 1978ರಲ್ಲೇ ಯುಕಟಾನ್ ತೀರದಲ್ಲಿ ನೆಲದಡಿ ದೊಡ್ಡ ಕಮಾನಿನ ಆಕಾರ ನೋಡಿದ್ರು, 1981ರಲ್ಲಿ ಆಂಟೋನಿಯೊ ಕಮಾರ್ಗೊ ಜೊತೆ ಸೇರಿ ಒಂದು ಸಭೇಲಿ ಹೇಳಿದ್ರು ಕೂಡ, ಕೇಳೋರು ಇರ್ಲಿಲ್ಲ. 1991ರಲ್ಲಿ ಅಲನ್ ಹಿಲ್ಡೆಬ್ರಾಂಡ್ ಮತ್ತು ಇವರೆಲ್ಲ ಸೇರಿ ಬರೆದ ಮೇಲೇನೇ ಆ ಗುಂಡಿಯ ಚಿಕ್ಷುಲೂಬ್ ಅನ್ನೋ ಹೆಸರು ಜಗತ್ತಿಗೆ ಗೊತ್ತಾಗಿದ್ದು. ಅಗಲ ಸುಮಾರು 180 ಕಿಲೋಮೀಟರ್. ಕಲ್ಲು ಬಿದ್ದ ಜಾಗನೂ ಕೆಟ್ಟದ್ದು, ಅಲ್ಲಿ ನೆಲದಲ್ಲಿ ಜಿಪ್ಸಮ್ ಥರದ ಗಂಧಕ ತುಂಬಿದ ಕಲ್ಲಿತ್ತು. 2016ರಲ್ಲಿ ಆ ಗುಂಡಿಗೆ ಸಮುದ್ರದ ತಳದಿಂದ 1300 ಮೀಟರ್‌ಗೂ ಆಳ ಕೊರೆದ್ರು, ಅಂದ್ರೆ ನಮ್ಮ ಬೋರ್‌ವೆಲ್ ಲೆಕ್ಕದಲ್ಲಿ 4000 ಅಡಿ ದಾಟಿ, ಮೇಲೆ ತಂದ ಕಲ್ಲಲ್ಲಿ ಇರ್ಬೇಕಾದ ಜಿಪ್ಸಮ್ ಇರ್ಲಿಲ್ಲ. ಆವಿಯಾಗಿ ಮೇಲೆ ಹೋಗಿತ್ತು. ಆ ಗಂಧಕ, ಮಸಿ, ಧೂಳು ಸೇರಿ ಬಿಸಿಲು ತಡೆದು ಭೂಮಿಯ ಸರಾಸರಿ ತಾಪಮಾನ 20 ಡಿಗ್ರಿಗಿಂತ ಜಾಸ್ತಿ ಇಳೀತು ಅಂತ ಕೆಲವು ಕಂಪ್ಯೂಟರ್ ಮಾಡೆಲ್‌ಗಳು ಹೇಳ್ತವೆ. ಬಿಸಿಲಿಲ್ಲ ಅಂದ್ರೆ ಗಿಡ ಇಲ್ಲ, ಗಿಡ ಇಲ್ಲ ಅಂದ್ರೆ ಮುಂದಿಂದು ಹೇಳೋದೇ ಬೇಡ.

ಈಗ ಎರಡನೇ ಆರೋಪಿ. ಆಗ ನಮ್ಮ ದೇಶ ಏಷ್ಯಾಗೆ ಅಂಟಿರ್ಲಿಲ್ಲ, ದ್ವೀಪದ ಥರ ಹಿಂದೂ ಮಹಾಸಾಗರದಲ್ಲಿ ಉತ್ತರಕ್ಕೆ ಸರೀತಾ ಇತ್ತು, ಇವತ್ತು ರಿಯೂನಿಯನ್ ದ್ವೀಪ ಇರೋ, ಭೂಮಿ ಒಳಗಿಂದ ಬಿಸಿ ಉಕ್ಕೋ ಜಾಗದ ಮೇಲೆ ಬಂದಾಗ ನೆಲ ಬಿರಿದು ಲಾವಾ ಹರೀತು. ಬೆಟ್ಟದ ತುದಿ ಸಿಡಿಯೋ ಜ್ವಾಲಾಮುಖಿ ಅಲ್ಲ ಇದು, ಉದ್ದುದ್ದ ಬಿರುಕಿಂದ ಉಕ್ಕಿ ಪದರದ ಮೇಲೆ ಪದರ ಹರಡಿದ್ದು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಉಳಿದಿದೆ, ಮಹಾರಾಷ್ಟ್ರದ ಘಟ್ಟದ ಕಡೆ 2 ಕಿಲೋಮೀಟರ್‌ಗೂ ದಪ್ಪ. ಅದರ ಕೆಲವು ಹರಿವು ರಾಜಮಂಡ್ರಿ ತನಕ ಹೋಗಿದೆ ಅಂತ ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಲಾವಾ ಜೊತೆ ಕಾರ್ಬನ್ ಡೈಆಕ್ಸೈಡು, ಗಂಧಕದ ಗ್ಯಾಸು. ಡ್ಯೂಯಿ ಮೆಕ್ಲೀನ್, ಆಮೇಲೆ ಪ್ರಿನ್ಸ್‌ಟನ್‌ನ ಗೆರ್ಟಾ ಕೆಲ್ಲರ್, ಇದೇ ಕೊಂದಿದ್ದು ಅಂತ ದಶಕಗಟ್ಟಲೆ ವಾದ ಮಾಡಿದ್ರು. ಅವರ ವಾದ ತಳ್ಳಿಹಾಕೋ ಥರದ್ದಲ್ಲ, ಯಾಕಂದ್ರೆ ಸುಮಾರು 25 ಕೋಟಿ ವರ್ಷದ ಹಿಂದೆ ಇದಕ್ಕಿಂತ ದೊಡ್ಡ ಸಾಮೂಹಿಕ ನಾಶ ಆಯ್ತಲ್ಲ, ಆಗ ಸೈಬೀರಿಯಾದಲ್ಲಿ ಇಂಥದ್ದೇ ಲಾವಾ ಹರೀತಿತ್ತು. 20 ಕೋಟಿ ವರ್ಷದ ಹಿಂದಿನ ಇನ್ನೊಂದು ನಾಶಕ್ಕೂ ಅಟ್ಲಾಂಟಿಕ್ ಸುತ್ತಮುತ್ತ ಅದೇ ಕಥೆ. ಹಳೇ ಕೇಸ್‌ಗಳಿರೋ ಆಸಾಮಿ ಸ್ಥಳದಲ್ಲೇ ಇದ್ದ ಅಂದ್ರೆ ಯಾರಾದ್ರೂ ಅನುಮಾನ ಪಡ್ತಾರೆ.

ಆದ್ರೆ ಲಾವಾ ವಿರುದ್ಧದ ಸಾಕ್ಷಿನೂ ನಮ್ಮ ದೇಶದಲ್ಲೇ ಸಿಕ್ಕಿರೋದು. ಒಂದು ಸಲ ಲಾವಾ ಹರಿದು ನಿಂತ ಮೇಲೆ ಮುಂದಿನದು ಬರೋ ತನಕ ಸಾವಿರಾರು ವರ್ಷ ಗ್ಯಾಪ್ ಇರ್ತಿತ್ತು, ಅಲ್ಲಿ ಮಣ್ಣಾಗೋದು, ಕೆರೆ ತುಂಬೋದು, ಗಿಡ ಬೆಳೆಯೋದು, ಡೈನೋಸಾರ್‌ಗಳೂ ವಾಪಸ್ ಬಂದು ಮೊಟ್ಟೆ ಇಡ್ತಿದ್ವು. ಲಾವಾ ಪದರಗಳ ಮಧ್ಯೆ ಸಿಕ್ಕಿರೋ ಮೂಳೆ, ಮೊಟ್ಟೆ ಚಿಪ್ಪು ಇದಕ್ಕೆ ಸಾಕ್ಷಿ. ಲಾವಾಕ್ಕೂ ಕೆಳಗಿರೋ ಲಮೇಟಾ ಪದರಗಳಲ್ಲಂತೂ, ಗುಜರಾತಿನ ಬಾಲಾಸಿನೋರ್ ಹತ್ರ, ಮಧ್ಯಪ್ರದೇಶದ ಧಾರ್ ಹತ್ರ, ಗೂಡುಗಳ ಸಾಲೇ ಇದೆ. ಧಾರ್ ಒಂದರಲ್ಲೇ 92 ಗೂಡು, 256 ಮೊಟ್ಟೆ ಸಿಕ್ಕಿದ್ದನ್ನ 2023ರಲ್ಲಿ ಪ್ರಕಟ ಮಾಡಿದ್ರು. ಜ್ವಾಲಾಮುಖಿಯ ಅಂಗಳದಲ್ಲೇ ಸಂಸಾರ ಮಾಡ್ಕೊಂಡಿದ್ದ ಪ್ರಾಣಿಗಳು ಇಲ್ಲೇ ಬದುಕಿರೋವಾಗ ಅದರ ಹೊಗೆಗೆ ಅಮೆರಿಕಾದ ಡೈನೋಸಾರ್‌ಗಳು ಸತ್ವು ಅಂದ್ರೆ ನಂಗಂತೂ ಒಪ್ಪೋಕೆ ಕಷ್ಟ. (ಮುಂಬೈ ಪಕ್ಕ ಸಮುದ್ರದಡಿ ಶಿವ ಅನ್ನೋ ಇನ್ನೊಂದು ದೊಡ್ಡ ಗುಂಡಿ ಇದೆ ಅಂತ ಶಂಕರ್ ಚಟರ್ಜಿ ಹೇಳಿದ್ರು, ವಾಟ್ಸಾಪ್‌ನಲ್ಲಿ ಇದು ಆಗಾಗ ಬರುತ್ತೆ, ಹೆಚ್ಚಿನ ಭೂವಿಜ್ಞಾನಿಗಳು ಅದನ್ನ ಉಲ್ಕೆ ಗುಂಡಿ ಅಂತ ಒಪ್ಪಿಲ್ಲ.)

ಡೈನೋಸಾರ್‌ಗಳು ಕಲ್ಲು ಬೀಳೋಕೆ ಮುಂಚೇನೇ ಖಾಲಿಯಾಗಿದ್ವು ಅನ್ನೋ ವಾದನೂ ಇತ್ತು. ಡೈನೋಸಾರ್ ಮೂಳೆಗೆ ಹೆಸರಾದ ಅಮೆರಿಕಾದ ಹೆಲ್ ಕ್ರೀಕ್ ಪದರಗಳಲ್ಲಿ ಇರಿಡಿಯಂ ಪದರದ ಕೆಳಗೆ 3 ಮೀಟರ್ ತನಕ ಮೂಳೆನೇ ಸಿಗ್ತಿರ್ಲಿಲ್ಲ ಅನ್ನೋದು ಅವರ ದೊಡ್ಡ ಪಾಯಿಂಟು. 2011ರಲ್ಲಿ ಟೈಲರ್ ಲೈಸನ್ ತಂಡಕ್ಕೆ ಆ ಗಡಿಯಿಂದ ಬರೀ 13 ಸೆಂಟಿಮೀಟರ್ ಕೆಳಗೆ ಕೊಂಬಿನ ಡೈನೋಸಾರ್‌ದು ಒಂದು ಕೊಂಬು ಸಿಕ್ತು. ಮೂಳೆ ಕಲ್ಲಾಗೋದೇ ಅಪರೂಪ, ಸಿಗಲಿಲ್ಲ ಅಂದ ಮಾತ್ರಕ್ಕೆ ಇರ್ಲಿಲ್ಲ ಅಂತಲ್ಲ.

ಹಂಗಾಗಿ ಈಗಿನ ಜಗಳ ಟೈಮಿಂಗ್ ಬಗ್ಗೆ. ಲಾವಾದ ಗ್ಯಾಸಿಂದ ಭೂಮಿ ಸುಮಾರು 2 ಡಿಗ್ರಿ ಬಿಸಿಯಾಗಿದ್ದು ನಿಜ, ಆದ್ರೆ ಕಲ್ಲು ಬೀಳೋ ಹೊತ್ತಿಗೆ ಅದು ಇಳಿದು ಮಾಮೂಲಿಗೆ ಬಂದಿತ್ತು ಅಂತ ಪಿಂಚೆಲ್ಲಿ ಹಲ್ ತಂಡ 2020ರಲ್ಲಿ ಸಮುದ್ರದ ಹೂಳು ನೋಡಿ ಹೇಳ್ತು. ಸಮುದ್ರ ಆಮ್ಲ ಆಗಿದ್ದನ್ನ ಅಳೆದಿರೋ ಇನ್ನೊಂದು ತಂಡ 2019ರಲ್ಲಿ ಅದು ನಿಧಾನಕ್ಕೆ ಆಗಿಲ್ಲ, ಗಡಿಯ ಪದರದಲ್ಲೇ ಏಕ್‌ದಂ ಆಗಿದೆ ಅಂತ ತೋರಿಸ್ತು. ಎರಡೂ ಕ್ಷುದ್ರಗ್ರಹದ ಕಡೆಗೇ ಬೆರಳು ತೋರಿಸೋ ಸಾಕ್ಷಿಗಳು, ನನ್ನ ಓಟೂ ಅದಕ್ಕೇ. ಲಾವಾನ ಪೂರ್ತಿ ಬಿಡುಗಡೆ ಮಾಡೋ ಹಂಗಿಲ್ಲ ಅನ್ನೋರೂ ಇದಾರೆ. ಕಲ್ಲು ಬಿದ್ದ ಏಟಿಗೆ ಭೂಮಿ ಅಲ್ಲಾಡಿ ದಖ್ಖನ್ ಲಾವಾ ಇನ್ನೂ ಜೋರಾಯ್ತು, ಅದಕ್ಕೇ ಜೀವಸಂಕುಲ ಸುಧಾರಿಸ್ಕೊಳ್ಳೋಕೆ ಲೇಟಾಯ್ತು ಅಂತ 2015ರಲ್ಲಿ ಬರ್ಕ್ಲಿಯ ಮಾರ್ಕ್ ರಿಚರ್ಡ್ಸ್, ಪಾಲ್ ರೆನ್ನೆ ಮತ್ತವರ ಜೊತೆಯವರು ಬರೆದ್ರು.

ಇದು ತೀರ್ಮಾನ ಆಗ್ಬೇಕು ಅಂದ್ರೆ ಯಾವ ಲಾವಾ ಪದರ ಕಲ್ಲು ಬೀಳೋಕಿಂತ ಮುಂಚಿನದು, ಯಾವುದು ಆಮೇಲಿನದು ಅಂತ ಗೊತ್ತಾಗ್ಬೇಕು. 2019ರಲ್ಲಿ ಒಂದೇ ದಿನ ಒಂದೇ ಪತ್ರಿಕೇಲಿ ಎರಡು ತಂಡಗಳು ಉತ್ತರ ಕೊಟ್ವು. ಪ್ರಿನ್ಸ್‌ಟನ್‌ನ ಬ್ಲೇರ್ ಶೋಯೆನ್ ತಂಡ ಲಾವಾ ಪದರಗಳ ನಡುವೆ ಇರೋ ಕೆಂಪು ಮಣ್ಣಿನ ಪಟ್ಟಿಗಳಿಂದ ಜಿರ್ಕಾನ್ ಹರಳು ಹೆಕ್ಕಿ, ಅದರಲ್ಲಿ ಯುರೇನಿಯಂ ಎಷ್ಟು ಸೀಸ ಆಗಿದೆ ಅಂತ ನೋಡಿ ವಯಸ್ಸಿನ ಲೆಕ್ಕ ಹಾಕ್ತು, ಲಾವಾ ನಾಲ್ಕು ಕಂತಲ್ಲಿ ಬಂದಿದೆ, ದೊಡ್ಡದೊಂದು ಕಂತು ಕಲ್ಲು ಬೀಳೋಕೆ ಹತ್ತಾರು ಸಾವಿರ ವರ್ಷ ಮುಂಚೇನೇ ಶುರುವಾಗಿದೆ ಅಂತು. ಕೋರ್ಟ್ನಿ ಸ್ಪ್ರೇನ್ ಮತ್ತು ಬರ್ಕ್ಲಿಯವರು ಕರೀ ಕಲ್ಲನ್ನೇ ತಗೊಂಡು ಅದರೊಳಗಿನ ಆರ್ಗಾನ್ ಅನಿಲದಿಂದ ವಯಸ್ಸಿನ ಲೆಕ್ಕ ಹಾಕಿದ್ರು, ಕಂತುಗಿಂತು ಏನಿಲ್ಲ, ಹೆಚ್ಚುಕಮ್ಮಿ ಒಂದೇ ಸಮ ಹರಿದಿದೆ, ಅದರಲ್ಲೂ ಲಾವಾದ ಮುಕ್ಕಾಲು ಪಾಲು ಕ್ಷುದ್ರಗ್ರಹ ಬಿದ್ದ ಮೇಲೇನೇ ಬಂದಿದೆ ಅಂದ್ರು. ಇಬ್ಬರೂ ಸ್ಯಾಂಪಲ್ ತಂದಿದ್ದು ಅದೇ ಪಶ್ಚಿಮ ಘಟ್ಟದಿಂದ. 6.6 ಕೋಟಿ ವರ್ಷದಲ್ಲಿ ಹತ್ತಿಪ್ಪತ್ತು ಸಾವಿರ ವರ್ಷ ಹಿಂದುಮುಂದು ಆಗೋದು ಗಡಿಯಾರದ ಲೆಕ್ಕದಲ್ಲಿ ಏನೂ ಅಲ್ಲ, ಕೊಂದಿದ್ದು ಯಾರು ಅನ್ನೋದು ಮಾತ್ರ ಅದರ ಮೇಲೇ ನಿಂತಿದೆ. ಘಟ್ಟದ ಆ ಲಾವಾ ಪದರಗಳ ಮಧ್ಯೆ ಎಲ್ಲಾದ್ರೂ ಚಿಕ್ಷುಲೂಬ್ ಧೂಳಿನ ಪದರ ಅನುಮಾನಕ್ಕೆ ಜಾಗ ಇಲ್ಲದ ಹಂಗೆ ಸಿಕ್ಕಿಬಿಟ್ರೆ ಗಡಿಯಾರದ ಹಂಗೇ ಬೇಡ, ಅದರ ಕೆಳಗಿರೋದು ಮುಂಚಿಂದು, ಮೇಲಿರೋದು ಆಮೇಲಿಂದು.