ಓದುಗರ ಪ್ರಶ್ನೆ: ಬಿಪಿಎಲ್ ಕಾರ್ಡ್ ಇದ್ದರೆ ಮೊಬೈಲ್ ರೀಚಾರ್ಜ್‌ನಲ್ಲಿ ರಿಯಾಯಿತಿ ಸಿಗುತ್ತದಾ?

ಇಲ್ಲ. ಬಿಪಿಎಲ್ ಇರಲಿ, ಅಂತ್ಯೋದಯ ಇರಲಿ, ಯಾವ ಕಾರ್ಡ್ ತೋರಿಸಿದರೂ ರೀಚಾರ್ಜ್‌ನಲ್ಲಿ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ಕೇಂದ್ರದಿಂದಲೂ ಅಂಥ ಯೋಜನೆ ಇಲ್ಲ, ಕರ್ನಾಟಕದಿಂದಲೂ ಇಲ್ಲ. ಬೇಲೂರಿನ ನನ್ನ ಅಂಗಡಿಯಲ್ಲಿ ಈ ಮಾತನ್ನು ವಾರಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ಸಂತೆ ದಿನ ಲೆಕ್ಕವೇ ಇಲ್ಲ. ಹೇಳಿದವರಿಗೇ ಮತ್ತೆ ಹೇಳಬೇಕಾಗುತ್ತದೆ. ಅದಕ್ಕೇ ಈ ಸಲ ಬರೆದೇ ಬಿಡುತ್ತಿದ್ದೇನೆ.

ಇಷ್ಟು ಹೇಳಿದ ಮೇಲೂ ಜನ ಬಿಡುವುದಿಲ್ಲ. 'ವಾಟ್ಸಾಪಿನಲ್ಲಿ ಬಂದಿದೆಯಲ್ಲ' ಅಂತ ಫೋನ್ ಮುಂದೆ ಹಿಡಿಯುತ್ತಾರೆ. ಪ್ರಧಾನಿ ಫೋಟೋ, ಕೆಳಗೆ 239 ರೂಪಾಯಿಯ 28 ದಿನದ ರೀಚಾರ್ಜ್ ಉಚಿತ ಅಂತ ಬರಹ, ಅದರ ಕೆಳಗೆ ನೀಲಿ ಲಿಂಕ್. ಇದು ಸುಳ್ಳು ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಯಾವತ್ತೋ ಹೇಳಿ ಆಗಿದೆ. ಆದರೂ ಹಬ್ಬ ಬಂದರೆ, ಚುನಾವಣೆ ಬಂದರೆ, ಹೊಸ ಫೋಟೋ ಹಾಕಿಕೊಂಡು ಮತ್ತೆ ಬರುತ್ತದೆ.

ಹೋದ ವರ್ಷ ಎಸ್ಟೇಟಿನ ಲೈನ್‌ಮನೆಯಿಂದ ಒಬ್ಬರು ಅಜ್ಜಿ ಬಂದಿದ್ದರು. ಕೈಯಲ್ಲಿ ಕೀಪ್ಯಾಡ್ ಫೋನು. ಬ್ಯಾಟರಿ ಬೀಳದ ಹಾಗೆ ಅದಕ್ಕೊಂದು ರಬ್ಬರ್ ಬ್ಯಾಂಡ್. ಆ ರಬ್ಬರ್ ಬ್ಯಾಂಡಿನ ಅಡಿಯಲ್ಲಿ ನಾಲ್ಕು ಮಡಿಕೆ ಮಾಡಿದ ರೇಷನ್ ಕಾರ್ಡಿನ ಜೆರಾಕ್ಸ್.

'ಫ್ರೀ ರೀಚಾರ್ಜ್ ಬಂದೈತೇನೋ ನೋಡಪ್ಪ. ಮೊಮ್ಮಗ ಅರ್ಜಿ ಹಾಕೌನೆ' ಅಂದರು.

'ಎಲ್ಲಿ ಹಾಕಿದ ಅಜ್ಜಿ?'

'ಅವನ ಫೋನಾಗೇ. ನನ್ ಫೋನಿಗೆ ನಂಬರ್ ಬಂತು, ಓದಿ ಹಾಕ್ದ.'

ನನಗೆ ಅಲ್ಲೇ ಗೊತ್ತಾಯಿತು. ಆ ಲಿಂಕ್ ಮೊದಲು ಹೆಸರು ಕೇಳಿದೆ, ಆಮೇಲೆ ಖಾತೆ ನಂಬರ್ ಕೇಳಿದೆ, ಕೊನೆಗೆ ಒಟಿಪಿ ಕೇಳಿದೆ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಹಾಕಿಸಿ ನೋಡಿದರೆ ಆ ತಿಂಗಳ ಗೃಹಲಕ್ಷ್ಮಿಯ 2,000 ರೂಪಾಯಿ ಇರಲಿಲ್ಲ. ಆಗಲೇ ನಾಲ್ಕು ದಿನ ಕಳೆದಿತ್ತು. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ತಡೆಹಿಡಿಯುವ ದಾರಿ ಇರುತ್ತಿತ್ತು. ಈ ನಂಬರನ್ನು ಈಗ ಅಂಗಡಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ನೀವೂ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಜನ ಯಾಕೆ ನಂಬುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಕರೆಂಟ್ ಬಿಲ್ ಸೊನ್ನೆ ಬರುತ್ತಿದೆ, ಬಸ್ಸು ಹೆಂಗಸರಿಗೆ ಫ್ರೀ, ಅಕ್ಕಿ ಫ್ರೀ. ಹಾಗಾದರೆ ಫೋನ್ ಯಾಕಿಲ್ಲ ಅಂತ ಅನಿಸುವುದು ಸಹಜ. ಪಕ್ಕದ ಕೇರಳದಲ್ಲಿ 2023ರ ಜೂನ್‌ನಲ್ಲಿ ಕೆ-ಫೋನ್ ಅಂತ ಶುರುವಾಗಿ ಬಡ ಮನೆಗಳಿಗೆ ಉಚಿತ ಇಂಟರ್‌ನೆಟ್ ಕೊಟ್ಟರು. ಅದೇ ವರ್ಷ ರಾಜಸ್ಥಾನದಲ್ಲಿ ಹೆಂಗಸರಿಗೆ ಸ್ಮಾರ್ಟ್‌ಫೋನ್ ಹಂಚಿದರು. ಅವೆರಡೂ ನಿಜ. ಆದರೆ ಅವು ಆಯಾ ರಾಜ್ಯದ ಯೋಜನೆ. ಅಲ್ಲಿಯ ಸುದ್ದಿ ಇಲ್ಲಿಗೆ ಬರುವಷ್ಟರಲ್ಲಿ ರಾಜ್ಯದ ಹೆಸರು ಉದುರಿಹೋಗಿ 'ಸರ್ಕಾರ ಕೊಡ್ತಿದೆ' ಅನ್ನುವುದಷ್ಟೇ ಉಳಿದಿರುತ್ತದೆ.

ಗೃಹಜ್ಯೋತಿಯನ್ನೇ ತೆಗೆದುಕೊಳ್ಳಿ. ಹಾಸನ ಜಿಲ್ಲೆಗೆ ಕರೆಂಟ್ ಕೊಡುವುದು ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ. ಎರಡೂ ರಾಜ್ಯ ಸರ್ಕಾರದ್ದೇ ಕಂಪನಿಗಳು. ಪ್ರತಿ ಮನೆಗೂ ಒಂದು ಆರ್‌ಆರ್ ನಂಬರ್ ಇದೆ, ತಿಂಗಳಿಗೊಂದು ಬಿಲ್ ಇದೆ. ಆ ಬಿಲ್ಲಿನಲ್ಲಿ ಸರ್ಕಾರ ತನ್ನ ಪಾಲು ಕಟ್ಟುತ್ತದೆ, ಅದು ಬಿಲ್ಲಿನಲ್ಲೇ ಕಾಣುತ್ತದೆ. ಪ್ರೀಪೇಡ್ ಸಿಮ್‌ಗೆ ಬಿಲ್ಲೇ ಇಲ್ಲ. ಕಳೆಯುವುದು ಯಾವುದರಲ್ಲಿ? ನಿಮ್ಮ ರೇಷನ್ ಕಾರ್ಡ್ ಯಾವುದು ಅಂತ ಫೋನ್ ಕಂಪನಿಗೆ ಗೊತ್ತೇ ಇಲ್ಲ. ಮುಂದೆ ಎಂದಾದರೂ ನಿಜವಾಗಿ ಅಂಥ ಯೋಜನೆ ಬಂದರೆ ಸರ್ಕಾರದ ಆದೇಶ ಬರುತ್ತದೆ, ಗ್ರಾಮ ಒನ್‌ನಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ, ಪಂಚಾಯ್ತಿಯಲ್ಲಿ ಹೇಳುತ್ತಾರೆ. 'ಹತ್ತು ಜನಕ್ಕೆ ಕಳಿಸಿ' ಅಂತ ಯಾವ ಸರ್ಕಾರದ ಅರ್ಜಿಯೂ ಕೇಳುವುದಿಲ್ಲ. ಇದೊಂದು ನೆನಪಿದ್ದರೆ ಸಾಕು.

ಒಬ್ಬ ಕಾಲೇಜು ಹುಡುಗ ಕೇಳಿದ: 'ಅಮೆರಿಕದಲ್ಲಿ ಬಡವರಿಗೆ ಫೋನ್ ರಿಯಾಯಿತಿ ಇದೆಯಂತಲ್ಲ ಸರ್?' ಒಳ್ಳೆಯ ಪ್ರಶ್ನೆ. ಇದೆ. 1985ರಿಂದ ಲೈಫ್‌ಲೈನ್ ಅಂತ ನಡೆಯುತ್ತಿದೆ. ಕಡಿಮೆ ಆದಾಯದ ಮನೆಗೆ ತಿಂಗಳಿಗೆ 9.25 ಡಾಲರ್‌ವರೆಗೆ ಕಡಿತ. ಒಂದು ಮನೆಗೆ ಒಂದೇ. ಆ ದುಡ್ಡು ಅಲ್ಲಿಯ ಫೋನ್ ಕಂಪನಿಗಳಿಂದ ಸಂಗ್ರಹಿಸಿದ ನಿಧಿಯಿಂದ ಬರುತ್ತದೆ.

ನಮ್ಮಲ್ಲೂ ಅಂಥದ್ದೇ ನಿಧಿ ಇದೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. 2002ರಲ್ಲಿ ಶುರುವಾಯಿತು. ಕಂಪನಿಗಳು ತಮ್ಮ ಆದಾಯದ 5 ಪರ್ಸೆಂಟ್ ಇದಕ್ಕೆ ಕಟ್ಟಬೇಕು. 2023ರ ಟೆಲಿಕಾಂ ಕಾಯ್ದೆ ಬಂದ ಮೇಲೆ ಇದರ ಹೆಸರು ಡಿಜಿಟಲ್ ಭಾರತ್ ನಿಧಿ. ಅಮೆರಿಕದವರು ಆ ದುಡ್ಡಿನ ಒಂದು ಪಾಲನ್ನು ಮನೆಯ ಬಿಲ್ಲಿಗೆ ಕೊಟ್ಟರು. ನಮ್ಮವರು ಹೆಚ್ಚಾಗಿ ಟವರ್‌ಗೆ, ಪಂಚಾಯ್ತಿಗೆ ಎಳೆಯುವ ಫೈಬರ್ ಕೇಬಲ್‌ಗೆ ಹಾಕಿದರು. ಮಲೆನಾಡಿನಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಿ ನಿಂತವರಿಗೆ ಟವರಿನ ಬೆಲೆ ಗೊತ್ತು. ಅದು ಬೇಕೇ ಬೇಕು. ಆದರೆ ಟವರ್ ಬಂದ ಮೇಲೂ ರೀಚಾರ್ಜಿಗೆ ದುಡ್ಡಿಲ್ಲದೆ ಫೋನ್ ಸುಮ್ನೆ ಬಿದ್ದಿರುವ ಮನೆಗಳನ್ನು ನಾನು ದಿನಾ ನೋಡುತ್ತೇನೆ. ಅವರಿಗೂ ಏನಾದರೂ ಸಿಗಬೇಕು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಎಂಪಿಗಳ ಹತ್ತಿರ ಕೇಳಬೇಕು. ಲಿಂಕ್ ಒತ್ತಿದರೆ ಬರುವುದಿಲ್ಲ.

ಹಾಗಾದರೆ ಖರ್ಚು ಉಳಿಸಲು ದಾರಿಯೇ ಇಲ್ಲವಾ? ಇದೆ, ಆದರೆ ಕೇಳಿ ಪಡೆಯಬೇಕು. ಕೀಪ್ಯಾಡ್ ಫೋನಿಗೆ ದಿನಕ್ಕೆ ಇಷ್ಟು ಜಿಬಿ ಅಂತ ಡೇಟಾ ಇರುವ ಪ್ಯಾಕ್ ಹಾಕಿಸುವುದು ದಂಡ. ಮಾತು ಮತ್ತು ಮೆಸೇಜಿಗೆ ಮಾತ್ರ ಬೇರೆ ಪ್ಯಾಕ್ ಇಡಲೇಬೇಕು ಅಂತ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಅಂಗಡಿಯಲ್ಲಿ 'ಡೇಟಾ ಬೇಡ, ಬರೀ ಕಾಲ್ ಪ್ಯಾಕ್ ಹಾಕಿ' ಅನ್ನಿ. ಮೂರು ತಿಂಗಳ ಹತ್ತಿರ ಬರುವ ಪ್ಯಾಕ್ ಸಿಗುತ್ತದೆ, ವರ್ಷದ್ದೂ ಸಿಗುತ್ತದೆ. ಅಜ್ಜಿಗೂ ಅದನ್ನೇ ಹಾಕಿಕೊಟ್ಟೆ. ಇಂಟರ್‌ನೆಟ್ಟೇ ಬೇಕು ಅನ್ನುವ ಮಕ್ಕಳು ಪಂಚಾಯ್ತಿಯ ಅರಿವು ಕೇಂದ್ರಕ್ಕೆ, ಅಂದರೆ ಗ್ರಂಥಾಲಯಕ್ಕೆ, ಹೋಗಿ ಕೇಳಿ. ಎಷ್ಟೋ ಊರಲ್ಲಿ ಕಂಪ್ಯೂಟರ್ ಇದೆ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ರೀಚಾರ್ಜ್ ದುಬಾರಿ ಅಂತ ಸಿಮ್ ಬಿಟ್ಟುಬಿಡುತ್ತೀರಲ್ಲ, ಆ ಹಳೇ ನಂಬರ್ ಏನಾಗುತ್ತದೆ? 90 ದಿನ ಒಂದು ಕಾಲೂ ಇಲ್ಲ, ಮೆಸೇಜೂ ಇಲ್ಲ ಅಂದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಬ್ಯಾಲೆನ್ಸ್ 20 ರೂಪಾಯಿ ಇದ್ದರೆ ಕಂಪನಿ ಅದನ್ನು ಮುರಿದುಕೊಂಡು ನಂಬರನ್ನು ಇನ್ನೂ 30 ದಿನ ಉಳಿಸಬೇಕು ಅನ್ನುವ ನಿಯಮ ಇದೆ. ಆದರೆ ಅದು ನಂಬರ್ ಉಳಿಸುತ್ತದೆ ಅಷ್ಟೇ. ಪ್ಯಾಕ್ ಮುಗಿದಿದ್ದರೆ ಕಾಲ್, ಒಟಿಪಿ ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ. ನಿಮ್ಮ ಆಧಾರ್, ಬ್ಯಾಂಕ್, ಪೆನ್ಷನ್ ಇನ್ನೂ ಆ ನಂಬರಿಗೇ ಜೋಡಿಸಿದ್ದರೆ ನಿಮ್ಮ ಒಟಿಪಿ ಗುರುತೇ ಇಲ್ಲದ ಯಾರದೋ ಜೇಬಿಗೆ ಹೋಗುತ್ತದೆ.

ಹಾಗಾಗಿ ಸಿಮ್ ಬದಲಾಯಿಸುವುದಾದರೆ ಹೊಸದು ಕೈಗೆ ಬಂದ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ 75 ರೂಪಾಯಿ ಕಟ್ಟಿ ನಂಬರ್ ಬದಲಾಯಿಸಿ. ಅಲ್ಲಿಂದ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ, ಅಲ್ಲೂ ಅರ್ಜಿ ಕೊಡಿ. ಹೊಸ ನಂಬರಿಗೆ ಬ್ಯಾಂಕಿನ ಮೆಸೇಜ್ ಬಂದದ್ದನ್ನು ಕಣ್ಣಾರೆ ನೋಡಿ. ಅಲ್ಲಿಯವರೆಗೆ ಹಳೇ ಸಿಮ್ ಫೋನಿನಲ್ಲೇ ಇರಲಿ.